ಕಾಗದದ ಕೈಗವಸು

ಟಿಲ್‌ಬೋರ್ನಿನಲ್ಲಿ ಸೋಮವಾರ ಬೆಳಗಾದರೆ ಮೊದಲು ಹೊಗೆ ಏಳುತ್ತಿದ್ದದ್ದು ಥಿರ್ಜಾ ಕಾಬ್ಲಿಯ ಹಿತ್ತಲಿನಿಂದ. ಊರಿನ ಅರ್ಧಕ್ಕರ್ಧ ಮನೆಗಳ ಬಟ್ಟೆ ಬೇಯುತ್ತಿದ್ದದ್ದು ಅವಳ ತಾಮ್ರದ ಹಂಡೆಯಲ್ಲಿ. ಪಾದ್ರಿಯ ಬಿಳಿ ನಿಲುವಂಗಿ, ಹಿಬರ್ಡ್ ಹೊಲಮನೆಯ ಹಾಲು ಸೋಸುವ ಬಟ್ಟೆ, ಗಿರಣಿಮನೆಯ ಮಿಸ್ ಲೈಲ್ ಅವರ ಹಾಸು ಹೊದಿಕೆ, ಎಲ್ಲ ಒಂದೇ ನೀರಿಗೆ. ಒಗೆಯುವವಳ ಕಣ್ಣಿಗೆ ಊರಿನ ಯಾವ ಗುಟ್ಟೂ ಮುಚ್ಚಿರುವುದಿಲ್ಲ. ಯಾರು ಕೆಮ್ಮಿ ರಕ್ತ ಉಗುಳುತ್ತಿದ್ದಾರೆ, ಯಾರ ಮಗ ಮೀಸೆ ಬಂದರೂ ಹಾಸಿಗೆ ಒದ್ದೆ ಮಾಡುತ್ತಾನೆ, ಯಾವ ಮನೆಯ ಹೊಸ ಸೊಸೆ ಈ ತಿಂಗಳು ಮುಟ್ಟಾಗಲಿಲ್ಲ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಾದದ್ದನ್ನೆಲ್ಲ ಥಿರ್ಜಾ ಸಾಬೂನಿನ ನೊರೆಯ ಜೊತೆ ಚರಂಡಿಗೆ ಬಿಟ್ಟುಬಿಡುತ್ತಿದ್ದಳು. ಬಾಯಿ ಬಿಡುವ ಜಾಯಮಾನ ಅವಳದಲ್ಲ.

ಅವಳಿಗೆ ಇನ್ನೊಂದು ಕೆಲಸವಿತ್ತು, ಕೂಲಿಯಿಲ್ಲದ್ದು. ಆ ಊರಲ್ಲಿ ಹುಟ್ಟಿದ ಹೆಣ್ಣು ಮದುವೆಯಾಗದೆ, ಹೆಸರು ಕೆಡಿಸಿಕೊಳ್ಳದೆ ಸತ್ತರೆ ಅವಳಿಗೊಂದು ಕಿರೀಟ ಕಟ್ಟಬೇಕು. ಹೇಜಲ್ ಗಿಡದ ಹಸಿ ಕಡ್ಡಿ ಬಗ್ಗಿಸಿ ಚೌಕಟ್ಟು, ಅದರ ತುಂಬ ಬಿಳಿ ಕಾಗದದ ಗುಲಾಬಿ, ಸುತ್ತಲೂ ಇಳಿಬಿಟ್ಟ ಐದು ಕಾಗದದ ಕೈಗವಸು. ಬಿಳಿ ಬಟ್ಟೆ ತೊಟ್ಟ ಇಬ್ಬರು ಹುಡುಗಿಯರು ಕೋಲಿಗೆ ಕಟ್ಟಿದ ಆ ಕಿರೀಟವನ್ನು ಹೆಣದ ಮುಂದೆ ಹೊತ್ತು ನಡೆಯುತ್ತಾರೆ. ಆಮೇಲೆ ಮೂರು ಭಾನುವಾರ ಅದು ಚರ್ಚಿನ ಅಟ್ಟಣಿಗೆಯ ಅಂಚಿನಿಂದ ಎಲ್ಲರ ಕೈಗೆಟುಕುವ ಹಾಗೆ ತೂಗುತ್ತದೆ. ಸತ್ತವಳ ನಡತೆಯ ಮೇಲೆ ಯಾರಿಗಾದರೂ ಮಾತಿದ್ದರೆ ಎದ್ದು ಬಂದು ಒಂದು ಕೈಗವಸು ಕಿತ್ತು ಹೇಳಬೇಕು. ಮೂರು ಭಾನುವಾರ ಯಾರೂ ಏಳದಿದ್ದರೆ ಕಿರೀಟ ಮೇಲಕ್ಕೆ, ಮಾಡಿನ ಕೆಳಗಿನ ಗೋಡೆಗೆ ಏರಿಬಿಡುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಧೂಳು ಕೂತರೂ ಒರೆಸುವ ಹಾಗಿಲ್ಲ, ಜೇಡ ಬಲೆ ಕಟ್ಟಿದರೂ ಬಿಡಿಸುವ ಹಾಗಿಲ್ಲ. ಕಡ್ಡಿ ಕೊಳೆತು ತಾನಾಗಿ ಬಿದ್ದ ದಿನ ಮಣ್ಣಿಗೆ.

ಥಿರ್ಜಾಳ ತಾಯಿ ಕಟ್ಟುತ್ತಿದ್ದಳು, ತಾಯಿ ಹೋದ ಮೇಲೆ ಇವಳು. ಇವಳ ಕೈಯ ಮೊದಲ ಕಿರೀಟವೇ ಸ್ವಂತ ತಂಗಿಯದಾಯಿತು.

ತಂಗಿ ಆನಿಸ್. ಗಿರಣಿಯ ಅಣೆಕಟ್ಟಿನ ಹಲಗೆಯ ಮೇಲೆ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡುವ ಹುಡುಗಿ. ಟೋಪಿಗೆ ಹಸಿರು ರಿಬ್ಬನ್ನು. ಸಾಕಿದ ಬಾತುಗಳಿಗೆಲ್ಲ ಬಿಷಪ್ಪುಗಳ ಹೆಸರಿಟ್ಟು ಕೂಗುತ್ತಿದ್ದಳು. ಒಂದು ಚಳಿಗಾಲ ಮಂಜುಗಟ್ಟಿದ ಹೊಳೆಗೆ ಇಳಿದು ಒಬ್ಬ ಬಿಷಪ್ಪನನ್ನು ಎತ್ತಿ ತಂದಳು. ತಂದವಳು ಕೆಮ್ಮು ಹತ್ತಿಸಿಕೊಂಡಳು. ಕೋಗಿಲೆ ಕೂಗುವ ಹೊತ್ತಿಗೆ ಹೋಗಿಬಿಟ್ಟಳು. ಮೂರು ಭಾನುವಾರವೂ ಒಬ್ಬರೂ ಎದ್ದಿರಲಿಲ್ಲ. ಅಂದಿನಿಂದ ಥಿರ್ಜಾ ಚರ್ಚಿನಲ್ಲಿ ಕೂರುತ್ತಿದ್ದದ್ದು ಆ ಗೋಡೆ ಕಾಣುವ ಜಾಗದಲ್ಲೇ. ಪ್ರಾರ್ಥನೆಗೆ ಮೊದಲು ಕತ್ತೆತ್ತಿ ಒಮ್ಮೆ ನೋಡುವಳು. ಇದೆ. ಅಷ್ಟು ಸಾಕು. ಮದುವೆ, ಮಕ್ಕಳು, ಮನೆ, ಇತರರಿಗೆ ಏನೇನು ಇತ್ತೋ ಅದೆಲ್ಲದರ ಜಾಗದಲ್ಲಿ ಅವಳಿಗೆ ಗೋಡೆಯ ಮೇಲಿನ ಆ ಹಳದಿಯಾದ ಕಾಗದವಿತ್ತು.

ಇನ್ನು ಮಿಸ್ ರೋಡಾ ಲೈಲ್ ಅವರ ಸಂಗತಿ. ಅವರು ಆ ಊರಿನವರೇ, ಹಳೆಯ ಮೇಷ್ಟ್ರ ಮಗಳು. ಮದುವೆಯಾಗಲಿಲ್ಲ. ಗಿರಣಿಮನೆಯಲ್ಲಿ ಒಬ್ಬರೇ ಇದ್ದುಕೊಂಡು ಪುಸ್ತಕ ಬರೆಯುತ್ತಿದ್ದರು. ಪುಸ್ತಕಗಳಲ್ಲಿ ಟಿಲ್‌ಬೋರ್ನ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಊರಿನ ಹೆಸರು ಬೇರೆ, ಜನರ ಹೆಸರು ಬೇರೆ, ಉಳಿದದ್ದೆಲ್ಲ ಇದ್ದ ಹಾಗೇ. ಯಾವ ಹೊಲದ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾರ ಮನೆಯ ಗೇಟು ಕಿರುಗುಟ್ಟುತ್ತದೆ, ಯಾರು ಯಾರಿಗೆ ಏನೆಂದು ಬೈದರು, ಒಂದೂ ತಪ್ಪುತ್ತಿರಲಿಲ್ಲ. ಗಂಟೆ ಬಾರಿಸುವ, ಗೋರಿ ತೋಡುವ ಜೋಬ್ ಸ್ಪ್ರೇಗ್ ಕುಡಿದು ಚರ್ಚಿನ ದೀಕ್ಷಾಸ್ನಾನದ ಕಲ್ಲುತೊಟ್ಟಿಗೆ ಬಿದ್ದು ಹಣೆ ಒಡೆದುಕೊಂಡದ್ದನ್ನೂ ಬರೆದಿದ್ದರು. ಅದಕ್ಕೆ ಜೋಬ್ ಸಿಟ್ಟಾಗಲಿಲ್ಲ. ಪಬ್ಬಿನಲ್ಲಿ ಬಂದವರಿಗೆಲ್ಲ ಹಣೆಯ ಗಾಯದ ಗುರುತು ತೋರಿಸಿ, 'ಅಚ್ಚಾಗಿದೆ ಕಣ್ರೋ, ಲಂಡನ್ನಲ್ಲಿ ಓದ್ತಿದ್ದಾರೆ' ಎನ್ನುತ್ತಿದ್ದ.

ಹೊಸ ಪುಸ್ತಕ ಬಂತೆಂದರೆ ಶಾಲೆಯ ಕೋಣೆಯಲ್ಲಿ ಸಂಜೆ ಎಲ್ಲರೂ ಸೇರುವುದು, ಅಡಾ ಟೀಚರ್ ಓದಿ ಹೇಳುವುದು. ನಾಚಿಕೆಯ ಮಿಸ್ ಲೈಲ್ ಅಲ್ಲಿಗೆ ಬರುತ್ತಿರಲಿಲ್ಲ.

ಆ ವರ್ಷದ ಪುಸ್ತಕ ಬಂದಾಗ ಊರು ಸೂತಕದಲ್ಲಿತ್ತು. ಹಿಬರ್ಡ್ ಹೊಲಮನೆಯ ಯಜಮಾನಿ ಡಾರ್ಕಸ್ ಹಿಬರ್ಡ್‌ಳ ಒಬ್ಬಳೇ ಮಗಳು ಈಡಿ ಗಂಟಲುಬೇನೆಯಲ್ಲಿ ಹೋಗಿದ್ದಳು. ಥಿರ್ಜಾ ಕಟ್ಟಿದ ಕಿರೀಟ ಅಟ್ಟಣಿಗೆಯಲ್ಲಿ ಎರಡು ಭಾನುವಾರ ತೂಗಿತ್ತು. ಮೂರನೆಯದು ಮುಗಿದರೆ ಗೋಡೆಗೆ, ಸಾಲಿನಲ್ಲಿ ಮುಂದಿನ ಜಾಗಕ್ಕೆ. ಅಂದರೆ ಆನಿಸಳ ಪಕ್ಕಕ್ಕೆ.

ದುಃಖದ ಊರಿಗೆ ಸ್ವಲ್ಪ ನಗು ಬೇಕಿತ್ತು. ಎಲ್ಲರೂ ಬಂದರು, ಕಪ್ಪು ಬಟ್ಟೆಯ ಡಾರ್ಕಸ್ ಕೂಡ. ಅಡಾ ಟೀಚರ್ ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದಳು. ಗೇಟಿನ ಮೇಲೆ ಕೂತು ಹಂದಿಯ ಹತ್ತಿರ ಕಷ್ಟ ಸುಖ ಹೇಳಿಕೊಳ್ಳುವ ಮುದುಕ ಬಂದ ಕೂಡಲೇ ಜೋಬ್ ತೊಡೆ ತಟ್ಟಿಕೊಂಡ.

"ಇದು ನಾನೇ ಕಣ್ರೋ!"

"ಹಂದಿ ಯಾರಂತೆ ಜೋಬ್?"

"ಹಂದಿ ನಿಮ್ ಬಾವ. ಅಷ್ಟು ಚೆನ್ನಾಗಿ ಕೇಳಿಸ್ಕೊಳ್ಳೋನು ಊರಲ್ಲಿ ಬೇರೆ ಯಾರಿದ್ದಾರೆ?"

ನಗು ನಿಲ್ಲುವುದರೊಳಗೆ ಪುಟದೊಳಗಿಂದ ಒಬ್ಬಳು ಹುಡುಗಿ ಓಡಿಬಂದಳು. ಬೂಟು ಕೈಯಲ್ಲಿ. ಹಸಿರು ರಿಬ್ಬನ್ನು. ಹಿಂದೆ ಬಾತುಗಳ ಸಾಲು, ಒಂದೊಂದಕ್ಕೂ ಬಿಷಪ್ಪನ ಹೆಸರು. ಹೆಸರು ಮರ್ಸಿ ಅಂತ ಇತ್ತು. ಸೋಮವಾರ ಬಟ್ಟೆಗಂಟು ಒಯ್ಯಲು ಹೋದಾಗ ಗಿರಣಿಮನೆಯ ಅಡುಗೆಕೋಣೆಯಲ್ಲಿ ಚಹಾ ಕುಡಿಯುತ್ತ ಥಿರ್ಜಾ ಹೇಳಿದ್ದ ಮಾತುಗಳು ಅವೆಲ್ಲ. ತಂಗಿ ಎದ್ದು ಬಂದು ಕೋಣೆಯ ನಡುವೆ ನಿಂತಿದ್ದಳು. ಥಿರ್ಜಾ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅಳುತ್ತ ನಕ್ಕಳು. ಪಕ್ಕದವಳು ಅವಳ ಕೈ ಅದುಮಿದಳು.

ಪುಟ ಮಗುಚಿತು.

ಮರ್ಸಿ ಚಳಿಗಾಲವಿಡೀ ದಪ್ಪ ಶಾಲು ಹೊದ್ದು ತಿರುಗಿದಳು. ಒಂದು ಬೆಳಗಿನ ಜಾವ ಗುಡ್ಡದ ಮೇಲಿನ ಕುರಿಗಾಹಿಯ ಗುಡಿಸಲಿಗೆ ಹೋದಳು. ಅಲ್ಲಿ ಅವಳಿಗೆ ಮಗು ಹುಟ್ಟಿತು. ಊರೂರು ತಿರುಗುವ ಸಾಮಾನು ಗಾಡಿಯವನ ಬುಟ್ಟಿಯಲ್ಲಿ ಮಗುವನ್ನು ಮಲಗಿಸಿ ಕಳಿಸಿದಳು. ಆಮೇಲೆ ಜ್ವರ. ಆಮೇಲೆ ಸಾವು. ಆಮೇಲೆ ಏನೂ ತಿಳಿಯದ ಊರು ಅವಳಿಗೆ ಬಿಳಿ ಕಿರೀಟ ಏರಿಸಿತು.

ಓದುವವರ ಕಣ್ಣು ಅಕ್ಷರದ ಮೇಲಿರುತ್ತದೆ, ಅರ್ಥ ತಡವಾಗಿ ಬರುತ್ತದೆ. ಅಡಾ ಟೀಚರ್ ಆ ಕಿರೀಟದ ಸಾಲನ್ನೂ ಗಟ್ಟಿಯಾಗಿ ಓದಿ ಮುಗಿಸಿದಳು. ಆಮೇಲೆ ತಲೆಯೆತ್ತಿದಳು. ಥಿರ್ಜಾಳ ಕೈ ಅದುಮಿದ್ದ ಕೈ ಯಾವಾಗಲೋ ಸರಿದುಹೋಗಿತ್ತು.

ಹಿಂದಿನ ಬೆಂಚಿನಿಂದ ಯಾರೋ ಹೆಂಗಸು ಮೆಲ್ಲಗೆ ಅಂದಳು: "ಅಯ್ಯೋ ದೇವರೇ. ಶಾಲು ಹೊದ್ಕೊಂಡೇ ತಿರುಗ್ತಿದ್ಲು, ಅಲ್ವಾ? ನಂಗೆ ನೆನಪಿದೆ."

"ಕೆಮ್ಮು ಇತ್ತು ಅವಳಿಗೆ!" ಥಿರ್ಜಾ ಎದ್ದು ನಿಂತಿದ್ದಳು. ತಾನು ಎದ್ದದ್ದು ತನಗೇ ಗೊತ್ತಾಗಿರಲಿಲ್ಲ. "ಕೆಮ್ಮಿತ್ತು ಕಣ್ರೇ. ನಿಮಗೆಲ್ಲ ಗೊತ್ತಿತ್ತು. ನೀವೇ ಜೇನು ತಂದು ಕೊಟ್ರಿ!"

ಟೋಪಿ, ಶಾಲು ಎತ್ತಿಕೊಂಡು ಒಬ್ಬೊಬ್ಬರೇ ಹೊರಟರು. ಪುಸ್ತಕ ಅರ್ಧಕ್ಕೇ ನಿಂತಿತ್ತು.

ಮಾರನೆಯ ಬೆಳಿಗ್ಗೆ ಡಾರ್ಕಸ್ ಒಗೆಯುವ ಹಿತ್ತಲಿಗೆ ಬಂದಳು. ಕೂರಲಿಲ್ಲ. ಕಣ್ಣು ಊದಿಕೊಂಡಿತ್ತು.

"ಥಿರ್ಜಾ, ನನ್ ಮಗು ಆ ಕಿರೀಟದ ಪಕ್ಕ ಇರೋದು ನಂಗೆ ಬೇಡ. ಭಾನುವಾರ ಈಡೀದು ಮೇಲೆ ಹೋಗೋಕ್ ಮುಂಚೆ ಅದು ಕೆಳಗೆ ಬರ್ಬೇಕು. ಪಾದ್ರಿಗಳಿಗೂ ಹೇಳಿದ್ದೀನಿ."

ಥಿರ್ಜಾಳ ಕೈಯಿಂದ ಬಟ್ಟೆ ಕದಡುವ ಕೋಲು ಜಾರಿ ಹಂಡೆಗೆ ಬಿತ್ತು. "ಮಿಸೆಸ್ ಹಿಬರ್ಡ್, ನೀವು ಆನಿಸ್‌ನ ಎತ್ತಾಡಿಸಿದೋರು. ಮೇಲೆ ಹೋದ ಕಿರೀಟಾನ ಯಾರಾದ್ರೂ ಇಳಿಸಿದ್ದಾರಾ ಯಾವತ್ತಾದ್ರೂ? ಮೂರು ಭಾನುವಾರ ನಿಮ್ ಮೂಗಿನ ಮುಂದೆ ತೂಗ್ತಿತ್ತಲ್ಲ, ಆಗ್ಲೇ ಕೈಗವಸು ಎಳೀಬೇಕಿತ್ತು."

"ಆಗ ಪುಸ್ತಕ ಬಂದಿರ್ಲಿಲ್ಲ."

"ಅದು ಕಥೆ!"

"ಮಿಸ್ ಲೈಲ್ ಯಾವತ್ತು ಕಥೆ ಬರೆದಿದ್ದಾರೆ?" ಡಾರ್ಕಸ್ ನಿಜವಾಗಿ ಆಶ್ಚರ್ಯಪಟ್ಟು ಕೇಳಿದಳು. "ನಮ್ ಬಣವೆ ಸುಟ್ಟಿದ್ದು ಬರೆದ್ರು, ಸುಟ್ಟಿತ್ತು. ನಮ್ ಯಜಮಾನ್ರು ಹರಾಜಿನಲ್ಲಿ ಅತ್ತಿದ್ದು ಬರೆದ್ರು. ನನ್ನೊಬ್ಬಳಿಗೇ ಗೊತ್ತಿತ್ತು ಅದು. ಅವರು ಹೇಗೋ ಕಂಡುಕೊಂಡಿದ್ರು. ನಿಂಗೆ ನೋವಾಗತ್ತೆ ಅಂತ ಗೊತ್ತು ಕಣೇ. ಆದ್ರೆ ನಂಗಿದ್ದವಳು ಒಬ್ಬಳೇ."

ಅವಳು ಹೋದ ಮೇಲೆ ಥಿರ್ಜಾ ಏಪ್ರನ್ನೂ ಬಿಚ್ಚದೆ ಗಿರಣಿಮನೆಗೆ ಓಡಿದಳು. ಬಾಗಿಲು ತೆರೆದ ಮಿಸ್ ಲೈಲ್ ಮುಖದಲ್ಲಿ ಹಬ್ಬವಿತ್ತು.

"ಥಿರ್ಜಾ! ಓದಿ ಹೇಳಿದ್ರಾ? ಆನಿಸ್ ಹೇಗೆ ಬಂದಿದ್ದಾಳೆ ಹೇಳು. ಬಾತುಗಳ ಭಾಗ ಬರೀವಾಗ ನಂಗೇ ಅಳು ಬಂದಿತ್ತು. ನಿಂಗೆ ಅಂತಲೇ ಬರೆದೆ ಕಣೇ."

ಥಿರ್ಜಾ ಅವರನ್ನೇ ನೋಡುತ್ತ ನಿಂತಳು. ಊರವರ ಮಾತಿಗಿಂತ ಇದು ಅವಳನ್ನು ಹೆಚ್ಚು ನಡುಗಿಸಿತು. ಇವರಿಗೆ ಗೊತ್ತೇ ಇಲ್ಲ. ತಾವೇನು ಮಾಡಿಬಿಟ್ಟಿದ್ದಾರೆ ಅನ್ನುವುದೇ ಗೊತ್ತಿಲ್ಲ.

"ಏಣಿ ತರ್ತಾರಂತೆ ಮಿಸ್," ಎಂದಳು. "ಭಾನುವಾರ. ಅವಳನ್ನ ಕೆಳಗಿಳಿಸ್ತಾರಂತೆ. ಮಗು ಹೆತ್ತವಳು ಅಂತ."

ಮಿಸ್ ಲೈಲ್ ಕುರ್ಚಿ ತಡಕಿ ಕೂತರು. "ಆದ್ರೆ ಅದು ಮರ್ಸಿ. ಮೊದಲರ್ಧ ಆನಿಸ್, ಆಮೇಲೆ ಅವಳು ಬೇರೆ ಹುಡುಗಿ, ನಾನು ಕಲ್ಪಿಸಿದವಳು. ಕಥೆ ತಾನಾಗಿ ಆ ಗುಡಿಸಲ ಕಡೆ ನಡೀತು. ನಾನು ಹಿಂದೆ ಹೋದೆ ಅಷ್ಟೆ."

"ನೀವು ಹಿಂದೆ ಹೋಗ್ಬಾರ್ದಿತ್ತು, ವಾಪಸ್ ಕರೀಬೇಕಿತ್ತು. ಯಾವ ಪುಟದಲ್ಲಿ ನನ್ ತಂಗಿ ಮುಗಿದು ಇನ್ನೊಬ್ಬಳು ಶುರುವಾದ್ಲು ಮಿಸ್? ಅಲ್ಲೊಂದು ಬೇಲಿ ಹಾಕಿದ್ರಾ? ರಿಬ್ಬನ್ ಅವಳದೇ ಇತ್ತಲ್ಲ ಗುಡಿಸಲಲ್ಲೂ!"

ಮಿಸ್ ಲೈಲ್ ಎದ್ದು ಟೋಪಿಗೆ ಕೈ ಹಾಕಿದರು. "ಹೇಳ್ತೀನಿ. ಎಲ್ಲರಿಗೂ ಹೇಳ್ತೀನಿ."

ಹೇಳಿದರು ಕೂಡ. ಶನಿವಾರ ಮಧ್ಯಾಹ್ನ ನೀರಿನ ಪಂಪಿನ ಬಳಿ ಊರೇ ಸೇರಿರುತ್ತದೆ. ನಾಚಿಕೆಯ ಹೆಂಗಸು ಕಲ್ಲುಕಟ್ಟೆ ಹತ್ತಿ ನಿಂತು, ಮಗುವಿನ ಸಂಗತಿ ಪೂರ್ತಿ ತನ್ನ ಕಲ್ಪನೆ, ಆನಿಸ್ ಕಾಬ್ಲಿಗೆ ಅದಕ್ಕೆ ಏನೂ ಸಂಬಂಧವಿಲ್ಲ, ತನ್ನದು ತಪ್ಪಾಯಿತು ಎಂದು ಗಟ್ಟಿಯಾಗಿ ಹೇಳಿದರು. ದೂರದಲ್ಲಿ ನಿಂತ ಥಿರ್ಜಾ ಒಂದು ಹೆಜ್ಜೆ ಮುಂದೆ ಬಂದಳು.

ಆಮೇಲೆ ಜೋಬ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಿಸ್, ನಾನು ತೊಟ್ಟಿಗೆ ಬಿದ್ದದ್ದೂ ಕಲ್ಪನೇನಾ?"

"ಅಲ್ಲ ಜೋಬ್, ಅದು ನಿಜ."

"ಹಿಬರ್ಡ್ ಬಣವೆ?"

"ಅದೂ ನಿಜ."

"ಹಂದಿ?"

"ನಿಜ. ಆದ್ರೆ ಇದೊಂದು…"

"ಇದೊಂದೇ ಸುಳ್ಳು." ಜೋಬ್ ಮೃದುವಾಗಿಯೇ ಅಂದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವು ಒಳ್ಳೇವರು ಮಿಸ್. ಬಟ್ಟೆ ಒಗೆಯೋ ಹೆಂಗಸಿನ ಮರ್ಯಾದೆ ಉಳಿಸೋಕೆ ಕಲ್ಲು ಹತ್ತಿ ಸುಳ್ಳು ಹೇಳೋ ಅಷ್ಟು ಒಳ್ಳೇವರು. ನಾವು ತಪ್ಪು ತಿಳ್ಕೊಳ್ಳಲ್ಲ."

ಮಿಸ್ ಲೈಲ್ ಇನ್ನೂ ಏನೋ ಕೂಗುತ್ತಿದ್ದರು. ಜನ ಗೌರವದಿಂದ ಟೋಪಿ ಮುಟ್ಟಿ ಬಕೆಟ್ಟು ಎತ್ತಿಕೊಂಡು ಮನೆಗೆ ನಡೆದರು. ಇಷ್ಟು ವರ್ಷ ಮಿಸ್ ಲೈಲ್ ಒಂದೊಂದು ಗೇಟು, ಒಂದೊಂದು ಬೈಗುಳ ನಿಜ ನಿಜವಾಗಿ ಬರೆದು ಊರಿಗೆ ಕಲಿಸಿದ್ದು ಒಂದೇ: ಅಚ್ಚಾಗಿದ್ದರೆ ಆಗಿರುತ್ತದೆ. ಈಗ ಆ ಪಾಠವನ್ನು ಅವರ ಬಾಯಿಂದಲೂ ಅಳಿಸಲು ಆಗಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿಯಿತು. ಈಡಿಯ ಕಿರೀಟದ ಕೈಗವಸನ್ನು ಯಾರೂ ಮುಟ್ಟಲಿಲ್ಲ. ಹೊಸಬರಾಗಿದ್ದ ಪಾದ್ರಿಗಳು ಡಾರ್ಕಸಳ ಮುಖ ನೋಡಿದರು, ಆಮೇಲೆ ನೆಲ ನೋಡಿದರು. "ಜನಾಭಿಪ್ರಾಯ…" ಎಂದೇನೋ ಗೊಣಗಿ ಸುಮ್ಮನಾದರು. ಜೋಬ್ ಏಣಿ ತಂದು ಗೋಡೆಗೆ ಒರಗಿಸಿದ. ಆನಿಸಳ ಕೆಳಗೆ.

ಥಿರ್ಜಾ ಹೋಗಿ ಏಣಿಯ ಬುಡದಲ್ಲಿ ನಿಂತಳು. ಎರಡು ಕೈಯಲ್ಲೂ ಏಣಿಯ ಕಾಲು ಹಿಡಿದುಕೊಂಡಳು.

"ದಾರಿ ಬಿಡು ಥಿರ್ಜಾ," ಜೋಬ್ ಅಂದ. "ನಿಧಾನಕ್ಕೆ ಇಳಿಸ್ತೀನಿ. ಒಂದು ಹೂವೂ ಹರಿಯಲ್ಲ. ನಿನ್ ಕೈಗೇ ಕೊಡ್ತೀನಿ."

ಅವನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಮುಂದಿನ ಸಾಲಿನಲ್ಲಿ ಬೆಂಚು ಕಿರುಗುಟ್ಟಿತು. ಮಿಸ್ ಲೈಲ್ ಎದ್ದು ನಿಂತಿದ್ದರು. ಕೈಗವಸು ತೊಟ್ಟ ಕೈಯಿಂದ ಬೆಂಚಿನ ಬೆನ್ನು ಹಿಡಿದಿದ್ದರು.

"ಆ ಮಗು ನಂದು," ಎಂದರು.

ಏಣಿಯ ಮೇಲಿದ್ದ ಜೋಬ್ ತಿರುಗಿ ನೋಡಿದ.

"ಗುಡಿಸಲಲ್ಲಿ ಹೆತ್ತದ್ದು ನಾನು. ಗಾಡಿಯಲ್ಲಿ ಕಳಿಸಿದ್ದು ನಾನು. ಸತ್ತ ಹುಡುಗಿ ಬಂದು ಜಗಳ ಆಡಲ್ಲ ಅಂತ ಅವಳ ಬಟ್ಟೆ ಹಾಕಿ ಬರೆದೆ. ಏಣಿ ತೆಗೀರಿ."

ಸುತ್ತ ಏನಾಗುತ್ತಿದೆ ಎಂದು ಥಿರ್ಜಾ ಕಣ್ಣಾರೆ ಕಂಡಳು, ನಂಬಲು ಆಗಲಿಲ್ಲ. ನಿನ್ನೆ ಕಲ್ಲು ಹತ್ತಿ ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ಈಗ ಹೇಳಿದ ಸುಳ್ಳನ್ನು ಇಡೀ ಚರ್ಚು ಒಂದೇ ಗುಟುಕಿಗೆ ನುಂಗಿತು.

"ಬಾತ್ ಊರು!" ಯಾರೋ ಪಿಸುಗುಟ್ಟಿದರು. "ಹಿಂದೊಂದ್ ವರ್ಷ ಚಿಕ್ಕಮ್ಮಂಗೆ ಹುಷಾರಿಲ್ಲ ಅಂತ ಬಾತ್‌ಗೆ ಹೋಗಿದ್ರಲ್ಲ!"

"ಬರೋವಾಗ ಎಷ್ಟು ಸೊರಗಿದ್ರು! ನಾನು ಆಗ್ಲೇ ಅಂದ್ಕೊಂಡೆ."

"ಅದಕ್ಕೇ ಅಷ್ಟು ಸರಿಯಾಗಿ ಬರೆದಿರೋದು."

ಗುಡ್ಡದ ಗುಡಿಸಲೆಲ್ಲಿ, ಬಾತ್ ಎಲ್ಲಿ, ಇದು ಯಾರಿಗೂ ಅಡ್ಡ ಬರಲಿಲ್ಲ. ಡಾರ್ಕಸ್ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಜೋಬ್ ಏಣಿಯನ್ನು ಒಂದು ಮಾರು ಪಕ್ಕಕ್ಕೆ ಸರಿಸಿ, ಈಡಿಯ ಕಿರೀಟವನ್ನು ಎತ್ತಿಕೊಂಡು ಹತ್ತಿದ. ಆನಿಸಳ ಪಕ್ಕದಲ್ಲಿ ಮೊಳೆ ಹೊಡೆಯುವ ಸದ್ದು ಕೇಳಿಸಿತು.

ಥಿರ್ಜಾಳಿಗೆ ಗೊತ್ತಿತ್ತು. ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿಲ್ಲದಷ್ಟು ಖಚಿತವಾಗಿ ಗೊತ್ತಿತ್ತು. ಬಾತ್‌ನ ಒಗೆತ ಮಿಸ್ ಲೈಲ್‌ಗೆ ಹಿಡಿಸದೆ, ಆ ಇಡೀ ವರ್ಷ ವಾರ ವಾರ ಅವರ ಬಟ್ಟೆಗಂಟು ಸಾಮಾನು ಗಾಡಿಯಲ್ಲಿ ಇವಳ ಹಿತ್ತಲಿಗೇ ಬರುತ್ತಿತ್ತು. ತಿಂಗಳು ತಿಂಗಳೂ ಬರಬೇಕಾದದ್ದು ತಪ್ಪದೆ ಬಂದಿತ್ತು. ಬಸುರಿಯ ಬಟ್ಟೆಗಂಟು ಹಾಗಿರುವುದಿಲ್ಲ. ಹೇಳಲು ತುಟಿ ಬಿಚ್ಚಿದಳು. ಏಣಿ ಕಾಣಿಸಿತು. ತುಟಿ ಮುಚ್ಚಿದಳು.

ಹೀಗೆ ಆನಿಸ್ ಗೋಡೆಯ ಮೇಲೆ ಉಳಿದಳು, ಮಿಸ್ ಲೈಲ್ ಊರಿಗೆ ಹೊರಗಾದರು. ಮುಂದಿನ ಸಾಲಿನ ಅವರ ಬೆಂಚಿನಲ್ಲಿ ಮತ್ತೆ ಯಾರೂ ಕೂರಲಿಲ್ಲ. ಹಾಲಿನ ಕ್ಯಾನು ಬಾಗಿಲಿಗೆ ಬರುವುದು ನಿಂತು ಗೇಟಿನಾಚೆ ಕೂರತೊಡಗಿತು. ಅವರು ಪಂಪಿಗೆ ಬಂದರೆ ಹೆಂಗಸರು ಅರ್ಧ ತುಂಬಿದ ಬಕೆಟ್ಟು ಎತ್ತಿಕೊಂಡು ಹೋಗುವರು. ಅವರ ಮನೆಗೆ ಕೆಲಸಕ್ಕೆ ಯಾರೂ ಮಗಳನ್ನು ಕಳಿಸಲಿಲ್ಲ. ಮುಂದೆಯೂ ಪುಸ್ತಕ ಬರೆದರಂತೆ, ಎಲ್ಲೋ ಸಮುದ್ರತೀರದ ಜನರ ಮೇಲೆ. ಶಾಲೆಯ ಕೋಣೆಯಲ್ಲಿ ಓದಲಿಲ್ಲ. ಅವುಗಳಲ್ಲಿ ನಾವ್ಯಾರೂ ಇಲ್ಲವಂತೆ ಎಂದು ಊರು ಮುನಿಸಿಕೊಂಡಿತೇ ಹೊರತು, ಯಾಕಿಲ್ಲ ಎಂದು ಕೇಳಲಿಲ್ಲ. ಯುದ್ಧ ಬಂತು, ಹುಡುಗರನ್ನು ತಿಂದು ಹೋಯಿತು. ಆ ದೊಡ್ಡ ಸಾವಿನ ಮುಂದೆಯೂ ಊರು ಆ ಹುಟ್ಟದ ಮಗುವನ್ನು ಮರೆಯಲಿಲ್ಲ.

ಥಿರ್ಜಾ ಮಾತ್ರ ಸೋಮವಾರ ತಪ್ಪಿಸಲಿಲ್ಲ. ಮೊದಮೊದಲು ಅವಳಿಗೆ ಮಿಸ್ ಲೈಲ್ ಮುಖ ಕಂಡರೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಒಂದು ಸೋಮವಾರ ಬಟ್ಟೆಗಂಟು ಕೆಳಗಿಟ್ಟು ಹೇಳಿಯೇಬಿಟ್ಟಳು:

"ಮಿಸ್, ನಂಗೆ ಗೊತ್ತು. ನಿಮಗೆ ಮಗೂನೂ ಇಲ್ಲ, ಮಣ್ಣೂ ಇಲ್ಲ. ನಾನು ಹೋಗಿ ಹೇಳ್ಬಿಡ್ತೀನಿ."

"ಹೇಳಿದ್ರೆ ಮತ್ತೆ ಏಣಿ ತರ್ತಾರೆ."

"ನಿಮ್ ಗತಿ?"

"ಕೆಡಿಸಿದ್ದು ನಾನು." ಮಿಸ್ ಲೈಲ್ ಕಿಟಕಿಯಾಚೆ ಅಣೆಕಟ್ಟಿನ ಹಲಗೆ ನೋಡುತ್ತಿದ್ದರು. "ಹೋಗಿ ಒಗೆ ಥಿರ್ಜಾ. ಕಾಲರ್‌ಗೆ ಗಂಜಿ ಕಡಿಮೆ ಹಾಕು, ಕುತ್ತಿಗೆ ಕೊರೆಯತ್ತೆ."

ಆ ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಕೂದಲು ಬೆಳ್ಳಗಾಯಿತು. ಯುದ್ಧ ಮುಗಿದು ಹುಟ್ಟಿದ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುವ ಹೊತ್ತಿಗೆ, ಒಂದು ಮಾಗಿಯಲ್ಲಿ, ಮಿಸ್ ಲೈಲ್ ಹಾಸಿಗೆ ಹಿಡಿದು ಹೋಗಿಬಿಟ್ಟರು. ಕೊನೆಯ ಬಟ್ಟೆ ತೊಡಿಸಿದವಳೂ ಥಿರ್ಜಾಳೇ. ಕಾಲರ್‌ಗೆ ಗಂಜಿ ಕಡಿಮೆ ಹಾಕಿದ್ದಳು.

ಮನೆಗೆ ಬಂದವಳು ಕತ್ತಿ ಹಿಡಿದು ಬೇಲಿಯ ಹೇಜಲ್ ಗಿಡದ ಮುಂದೆ ನಿಂತಳು. ಮಿಸ್ ಲೈಲ್ ಊರಲ್ಲಿ ಹುಟ್ಟಿದವರು, ಮದುವೆಯಾಗದವರು, ನಡತೆ ಕೆಡದವರು. ಕಿರೀಟ ಅವರಿಗೆ ಸಲ್ಲಬೇಕು. ಕಟ್ಟಿದರೆ ಅವರು ಹೇಳಿದ್ದು ಸುಳ್ಳೆಂದು ಊರಿಗೆ ಸಾರಿದ ಹಾಗೆ. ಸುಳ್ಳಾದರೆ ಮಗು ಯಾರದು ಎಂಬ ಪ್ರಶ್ನೆ ಮತ್ತೆ ಏಳುತ್ತದೆ, ಏಣಿ ಮತ್ತೆ ಆನಿಸಳ ಕೆಳಗೆ ಬರುತ್ತದೆ. ಕಟ್ಟದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಕತ್ತಿ ಎತ್ತಿ ಕಡ್ಡಿ ಕಡಿದಳು.

ಹೊರಲು ಹುಡುಗಿಯರು ಬೇಕಲ್ಲ. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಕೆಲಸ ಬಿಟ್ಟು ಮನೆಯಲ್ಲಿದ್ದ ಅಡಾ ಟೀಚರ್ ಕೋಲೂರಿಕೊಂಡು ಬಂದಳು. "ಒಂದು ತುದಿ ನಂಗೆ ಕೊಡೇ. ಓದಿ ಹೇಳಿದ್ದು ನಾನಲ್ವಾ?" ಮೈತುಂಬ ಬಿಳಿ ತೊಟ್ಟ ಇಬ್ಬರು ಮುದುಕಿಯರು, ಒಬ್ಬಳಿಗೆ ಗೂನು, ಇನ್ನೊಬ್ಬಳಿಗೆ ಮಂಡಿನೋವು, ನಡುವೆ ತೂಗುವ ಹೊಸ ಕಿರೀಟ. ಬೇಲಿಯ ಬಳಿ ನಿಂತ ಊರು ದಂಗಾಗಿ ನೋಡಿತು. ನಗುವವರಿಗೂ ನಗು ಬರಲಿಲ್ಲ.

ಮೊದಲ ಭಾನುವಾರ ಜೋಬ್ ತಡೆಯಲಾರದೆ ಕೇಳಿದ: "ಇದೇನ್ ಹುಚ್ಚು ಥಿರ್ಜಾ? ಅವರೇ ಎದ್ದು ನಿಂತು ಒಪ್ಕೊಂಡಿದ್ರಲ್ಲ! ಇದೇ ಜಾಗದಲ್ಲಿ!"

ಥಿರ್ಜಾ ಕಿರೀಟದ ಕೆಳಗೆ ಬಂದು ನಿಂತಳು. ಬದುಕಿಡೀ ಚರಂಡಿಗೆ ಬಿಟ್ಟಿದ್ದ ಮಾತನ್ನು ಮೊದಲ ಸಲ ಬಾಯಿಗೆ ತಂದಳು.

"ಸುಳ್ಳು ಹೇಳಿದ್ರು. ಆ ವರ್ಷ ಅವರ ಬಟ್ಟೆ ಒಗೆದೋಳು ನಾನು. ಒಂದು ತಿಂಗಳೂ ತಪ್ಪದೆ ಮುಟ್ಟಿನ ಬಟ್ಟೆ ಬಂದಿತ್ತು. ನನ್ ತಂಗೀದೂ ನಾನೇ ಒಗೀತಿದ್ದೆ, ಅವಳದ್ದೂ ಬಂದಿತ್ತು."

ಗಂಡಸರು ತಲೆ ತಗ್ಗಿಸಿ ಟೋಪಿಯೊಳಗೆ ನೋಡಿಕೊಂಡರು. ಪಾದ್ರಿಗಳ ಕಿವಿ ಕೆಂಪಾಯಿತು. ಹಿಂದಿನಿಂದ ಒಬ್ಬ ಹೆಂಗಸು ಕೀರಲು ದನಿಯಲ್ಲಿ ಕೇಳಿದಳು: "ಮತ್ತೆ ಮಗು ಯಾರದು?"

"ಮಗೂನೇ ಇಲ್ಲ." ಥಿರ್ಜಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಯಾವತ್ತೂ ಇರ್ಲಿಲ್ಲ. ಅದು ಕಥೆ. ಅವರು ಪಂಪಿನ ಹತ್ರ ಹೇಳಿದ್ರು, ನೀವು ಕೇಳಿಸ್ಕೊಳ್ಳಲಿಲ್ಲ. ಆಮೇಲೆ ನೀವು ಕೇಳಿಸ್ಕೊಳ್ಳೋ ಹಾಗೆ ಹೇಳಿದ್ರು. ಈಗ ಕೈಗವಸು ಇದೆ. ಎಳೀಬೇಕು ಅನ್ನೋರು ಎಳೀರಿ."

ಯಾರೂ ಏಳಲಿಲ್ಲ. ಒಂದು ಇಡೀ ಊರು ತನ್ನ ಅರ್ಧ ತುಂಬಿದ ಬಕೆಟ್ಟುಗಳನ್ನು, ಗೇಟಿನಾಚೆ ಇಟ್ಟ ಹಾಲನ್ನು ನೆನೆಯುತ್ತ ಕೂತಿತ್ತು. ಎರಡನೆಯ ಭಾನುವಾರವೂ ಯಾರೂ ಏಳಲಿಲ್ಲ. ಥಿರ್ಜಾಳಿಗೆ ನಿದ್ದೆಯಿಲ್ಲ, ಊಟ ಸೇರದು. ಊರು ಸುಮ್ಮನಿದ್ದರೆ ಅದು ಒಪ್ಪಿದ್ದಕ್ಕೋ, ಇನ್ನೊಮ್ಮೆ ಏಣಿ ಹುಡುಕುತ್ತಿರುವುದಕ್ಕೋ, ಅವಳಿಗೆ ತಿಳಿಯಲಿಲ್ಲ.

ಮೂರನೆಯ ಭಾನುವಾರ, ಪ್ರಾರ್ಥನೆ ಮುಗಿದ ಕೂಡಲೇ ಡಾರ್ಕಸ್ ಹಿಬರ್ಡ್ ಎದ್ದಳು. ಬೆನ್ನು ಬಾಗಿತ್ತು. ಊರುಗೋಲು ಕುಟ್ಟುತ್ತ ನಡುವಿನ ಹಾದಿಯಲ್ಲಿ ಬಂದು ಕಿರೀಟದ ಕೆಳಗೆ ನಿಂತಳು. ಕೈ ಮೇಲೆತ್ತಿದಳು. ಡಾರ್ಕಸಳ ಬೆರಳು ಕಾಗದದ ಕೈಗವಸಿನ ಬೆರಳ ಹತ್ತಿರ ಹೋಗಿ, ಮುಟ್ಟದೆ, ಗಾಳಿಯಲ್ಲೇ ನಿಂತಿತು. ಆ ಕೈ ಕೆಳಗಿಳಿಯಲು ತುಂಬ ಹೊತ್ತು ಹಿಡಿಯಿತು.

"ಜೋಬ್," ಎಂದಳು. "ಏಣಿ ತಗೊಂಡ್ ಬಾರೋ. ಈಡಿ ಪಕ್ಕದಲ್ಲಿ ಜಾಗ ಇದೆ."

ಜೋಬ್‌ಗೆ ಹತ್ತುವ ಶಕ್ತಿ ಇರಲಿಲ್ಲ. ಅವನ ಮಗ ಹತ್ತಿದ, ಜೋಬ್ ಬುಡ ಹಿಡಿದುಕೊಂಡ. ಆನಿಸ್, ಈಡಿ, ಅವಳ ಪಕ್ಕಕ್ಕೆ ಮಿಸ್ ಲೈಲ್. ಹಳದಿಯಾದ ಎರಡರ ಪಕ್ಕ ಹೊಸ ಕಾಗದ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗಿತ್ತು.

ಜನ ಹೊರಟರು. ಡಾರ್ಕಸ್ ಹೋಗಲಿಲ್ಲ. ಥಿರ್ಜಾಳ ಪಕ್ಕದಲ್ಲಿ ಬಂದು ಕೂತು ಗೋಡೆ ನೋಡಿದಳು.

"ನಿಂಗೆ ಗೊತ್ತಿತ್ತು," ಎಂದಳು. "ಆವತ್ತೇ ಗೊತ್ತಿತ್ತು. ಅಲ್ವೇ ಥಿರ್ಜಾ, ಆವತ್ತೇ ಯಾಕೆ ಹೇಳ್ಲಿಲ್ಲ?"

ಥಿರ್ಜಾ ಒಗೆಯುವ ಸೋಡಾದಲ್ಲಿ ಬಿರಿದ ತನ್ನ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಏಣಿ ಆಗ್ಲೇ ಒರಗಿಸಿ ಆಗಿತ್ತಲ್ಲ, ಮಿಸೆಸ್ ಹಿಬರ್ಡ್," ಎಂದಳು.